ಕಡಲ ಮೇಲೊಂದು ಬೋಣಿ

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುವುದು ನನ್ನ ಕಡೆಯ ಮಾತು. ಶಾಲೆಯ ಕಡೆಯವರನ್ನು ಕೇಳಿದರೆ ಇನ್ನೊಂದು ರೀತಿ ಹೇಳಿಯಾರು. ಎಂಟನೇ ಕ್ಲಾಸಿನ ಬೀಜಗಣಿತಕ್ಕೂ ನನಗೂ ಕೂಡಿಬರಲಿಲ್ಲ, ಅಷ್ಟೇ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, 'ತಿಳಿಸ್ತೀವಿ' ಎಂದು ಎದ್ದು ಬರುವುದಿಲ್ಲವೇ, ಹಾಗೆ ಎದ್ದು ಬಂದೆ. ಇನ್ನೂ ತಿಳಿಸಿಲ್ಲ.

ಇದನ್ನು ತಲೆ ತಗ್ಗಿಸಿಕೊಂಡು ಹೇಳುತ್ತಿಲ್ಲ. ಶಿವರಾಂಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಮೈಸೂರಿನ ಎಷ್ಟೋ ಮನೆಗಳಲ್ಲಿ ಅನ್ನ ಬೇಯುವುದು ನಾನು ಮಾರಿದ ಪಾತ್ರೆಯಲ್ಲಿ. ಆ ಪಾತ್ರೆಯ ಕಂಠದ ಮೇಲೆ ಹೆಸರು ಕೆತ್ತಿದ್ದೂ ನಾನೇ. ಮಾರುವುದು ಎಂದರೇನೆಂದು ಈ ಪುಟ್ಟಸ್ವಾಮಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಒಂದು ಹೆಮ್ಮೆ ನನಗಿತ್ತು. ಇವತ್ತು ಬೆಳಗ್ಗೆ ಬಚ್ಚಲಿನಲ್ಲಿ ಒಂದು ಕಲ್ಲು ಕಾಲ ಮೇಲೆ ಬಿತ್ತು. ಆ ಹೆಮ್ಮೆಗೆ ಏನಾಯಿತೆಂಬುದು ಅದರಿಂದ ನೆನಪಾಯಿತು.

ಹಿಮ್ಮಡಿ ಉಜ್ಜುವ ಕಲ್ಲು ಅದು. ಬೂದಿ ಬಣ್ಣ, ಮೈತುಂಬ ತೂತು, ನೇತುಹಾಕಲು ಒಂದು ದಾರ. ಕಾಲಿಗೆ ನೋವೇನೂ ಆಗಲಿಲ್ಲ, ಏಕೆಂದರೆ ಅದಕ್ಕೆ ತೂಕವೇ ಇಲ್ಲ. ಬಕೆಟ್ಟಿಗೆ ಹಾಕಿದರೆ ತೇಲುತ್ತದೆ. ನಾನೋ, ಬುದ್ಧಿ ಬಂದಾಗಿನಿಂದ ತೂಕಕ್ಕೆ ಸಾಮಾನು ಮಾರಿದವನು. ಹಿತ್ತಾಳೆಯಾಗಲಿ, ತಾಮ್ರವಾಗಲಿ, ತಕ್ಕಡಿಗೆ ಹಾಕಿದ ಮೇಲೆಯೇ ನಮ್ಮ ಮಾತು. ಅಂಥವನು ತೇಲುವ ಕಲ್ಲೊಂದನ್ನು ದುಡ್ಡು ಕೊಟ್ಟು ತಂದಿದ್ದೇನೆ, ಅದೂ ನಡುಸಮುದ್ರದಲ್ಲಿ.

ನಮ್ಮ ಅಜ್ಜಿ ಇದ್ದಿದ್ದರೆ ನನ್ನನ್ನು ಮನೆಯೊಳಕ್ಕೆ ಸೇರಿಸುತ್ತಿರಲಿಲ್ಲ. ಬನ್ನೂರಿನ ಕಡೆಯ ನಮ್ಮ ಊರಿನಲ್ಲಿ ಅಜ್ಜಿಯ ಹತ್ತಿರವೂ ಇಂಥದೊಂದು ಕಲ್ಲಿತ್ತು, ಹೊಳೆಯಲ್ಲಿ ಸಿಕ್ಕಿದ್ದು, ಪುಕ್ಕಟೆ. ಶನಿವಾರ ಹರಳೆಣ್ಣೆ ಹಚ್ಚಿ, ಬಿಸಿನೀರು ಹಂಡೆಯ ಮುಂದೆ ಕೂರಿಸಿ, ನನ್ನ ಹಿಮ್ಮಡಿಯನ್ನು ಎರಡು ಮೊಣಕಾಲಿನ ನಡುವೆ ಇಕ್ಕಳದ ಹಾಗೆ ಹಿಡಿದು ಉಜ್ಜುವಳು. "ಇದು ಕಾಲಲ್ಲ ಕಣ್ಲಾ, ಕೆರೆ ಏರಿ" ಎನ್ನುವಳು. ನಾನು ಕಿರುಚಿದರೆ ಪಕ್ಕದ ಮನೆಯವರು ಇವತ್ತು ಶನಿವಾರ ಎಂದು ತಿಳಿದುಕೊಳ್ಳುತ್ತಿದ್ದರು. ಕಾಲನ್ನು ಬೇರೆಯವರ ಕೈಗೆ ಕೊಡಬಾರದು ಎಂಬ ಪಾಠವನ್ನು ನಾನು ಅಂದೇ ಕಲಿತಿದ್ದೆ. ದೊಡ್ಡವನಾದ ಮೇಲೆ ಮರೆತೆ.

ಶಾಲೆ ಬಿಟ್ಟ ಮೇಲೆ ನಮ್ಮ ಸೋದರಮಾವ ನನ್ನನ್ನು ಮೈಸೂರಿಗೆ ಕರೆತಂದು ಶಿವರಾಂಪೇಟೆಯ ಒಬ್ಬ ಸಾಹುಕಾರರ ಪಾತ್ರೆ ಅಂಗಡಿಗೆ ಸೇರಿಸಿದ. ಪಾತ್ರೆಯ ಮೇಲೆ ಹೆಸರು ಕೆತ್ತುವ ಪುಟ್ಟ ಮಿಷನ್ನು ನನ್ನ ಕೈಗೆ ಬಂತು. ಝರ್ರೆಂದು ಹಲ್ಲು ಜುಮ್ಮೆನ್ನಿಸುವ ಸದ್ದು. ನನ್ನ ಅಕ್ಷರ ಮಾತ್ರ ಮುತ್ತಿನಂತಿತ್ತು. ಸಾಹುಕಾರರು ದೊಡ್ಡ ವ್ಯಾಪಾರಗಾರ. ಗಿರಾಕಿ ಕೂತ ತಕ್ಷಣ ಒಂದು ಲೋಟ ಮಜ್ಜಿಗೆ ಕೊಡಿಸುವರು. "ನಮ್ಮ ಮಜ್ಜಿಗೆ ಕುಡ್ದೋನು ಬರಿಗೈಲಿ ಹೋಗಕ್ಕೆ ಅವನ ಹೊಟ್ಟೇನೇ ಬುಡಲ್ಲ" ಎನ್ನುವರು. ಆಮೇಲೆ ಪಾತ್ರೆಯನ್ನು ಗಿರಾಕಿಯ ಕೈಗೆ ಕೊಡುವರು, ವಾಪಸು ಇಸಿದುಕೊಳ್ಳುತ್ತಿರಲಿಲ್ಲ. 'ಬೇಕಾ' ಎಂದು ಜನ್ಮದಲ್ಲಿ ಕೇಳಿದವರಲ್ಲ. 'ದೊಡ್ಡದಾ, ಚಿಕ್ಕದಾ?' ಎಂದೇ ಕೇಳುವರು. ಗಿರಾಕಿ ಇನ್ನೂ ಯೋಚನೆಯಲ್ಲಿರುವಾಗಲೇ ನನ್ನ ಕಡೆ ತಿರುಗಿ, "ಪುಟ್ಟಸ್ವಾಮಿ, ಅಮ್ಮಾವ್ರ ಹೆಸರು ಕೇಳ್ಕೊ" ಎನ್ನುವರು. ಹೆಸರು ಬಿದ್ದ ಪಾತ್ರೆಯನ್ನು ಬೇಡ ಎಂದವರನ್ನು ನಾನು ಈವರೆಗೆ ನೋಡಿಲ್ಲ.

ಎಲ್ಲಕ್ಕಿಂತ ಮೇಲಿನದು ಬೋಣಿ. ದಿನದ ಮೊದಲ ವ್ಯಾಪಾರ. ಬಾಗಿಲು ತೆಗೆದ ಮೇಲೆ ಮೊದಲು ಒಳಗೆ ಕಾಲಿಟ್ಟವನು ಏನನ್ನಾದರೂ ಕೊಂಡೇ ಹೋಗಬೇಕು, ಒಂದು ಚಮಚವಾದರೂ ಸರಿ. ಅವನು ಬರಿಗೈಯಲ್ಲಿ ಇಳಿದು ಹೋದರೆ ಆ ದಿನ ಪೂರ್ತಿ ನೊಣ ಹೊಡೆಯುವುದೇ. ಒಂದು ಬೆಳಗ್ಗೆ ವಯಸ್ಸಾದ ಮೇಷ್ಟ್ರೊಬ್ಬರು ಕಣ್ಣಿನ ಡಾಕ್ಟರ ಶಾಪು ಎಲ್ಲಿ ಎಂದು ಕೇಳಲು ಮೆಟ್ಟಿಲು ಹತ್ತಿದರು, ಪಾಪ. ಹೊರಗೆ ಹೋಗುವಾಗ ಅವರ ಕೈಯಲ್ಲಿ ಒಂದು ಟೀ ಸೋಸುವ ಜರಡಿಯಿತ್ತು. ಅವರು ಟೀ ಕುಡಿಯುತ್ತಿರಲಿಲ್ಲವಂತೆ. ಆದರೂ ಬೋಣಿ ಎಂದ ಮೇಲೆ ಒಂದು ಮಾತೂ ಆಡದೆ ಕೊಂಡರು. ನಮ್ಮ ಊರಿನ ಜನರ ದೊಡ್ಡತನ ಅದು. ಯಾವನ ಬೋಣಿಯನ್ನೂ ಯಾವನೂ ಕೆಡಿಸುವುದಿಲ್ಲ. ಅದಕ್ಕೇ ನಾನು ಬೆಳಗ್ಗೆ ಹನ್ನೊಂದಾಗುವ ತನಕ ಬೇರೆ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತುವವನಲ್ಲ. ತಲೆನೋವಿನ ಮಾತ್ರೆ ಬೇಕಾದರೂ ಹನ್ನೊಂದರವರೆಗೆ ತಲೆನೋವು ಕಾಯಬೇಕು.

ಈಗ ಹಡಗಿನ ವಿಷಯಕ್ಕೆ ಬರುತ್ತೇನೆ. ನನಗೂ ಭಾಗ್ಯಳಿಗೂ ಮದುವೆಯಾಗಿ ಮೂವತ್ತು ವರ್ಷ ತುಂಬಿತೆಂದು ನಮ್ಮ ಮಗಳು ರಶ್ಮಿ ಹಡಗಿನ ಪ್ರವಾಸಕ್ಕೆ ಟಿಕೆಟ್ಟು ತೆಗೆಸಿದಳು. ಅವಳಿಗೆ ಲಕ್ಷ್ಮೀಪುರಂನ ಒಂದು ಬ್ಯಾಂಕಿನಲ್ಲಿ ಕೆಲಸ. ಮುಂಬೈಯಲ್ಲಿ ಹತ್ತಿ, ಗೋವಾ ಮುಟ್ಟಿ, ಲಕ್ಷದ್ವೀಪದ ಕಡೆ ಸುತ್ತಿ ವಾಪಸು. ದುಡ್ಡು ಕಟ್ಟಿಯಾಗಿದೆ, ವಾಪಸು ಬರುವುದಿಲ್ಲ ಎಂದಳು. ಆ ಒಂದು ಮಾತಿಗೆ ನಾನು ಒಪ್ಪಿದೆ.

ಹೊರಡುವ ಹಿಂದಿನ ದಿನ ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ರಶ್ಮಿ ಎಚ್ಚರಿಕೆ ಹೇಳಿದಳು. "ಅಪ್ಪ, ಹಡಗಲ್ಲಿ ಸ್ಪಾ ಅಂತ ಇರುತ್ತೆ. ನಿಮ್ಮ ಟಿಕೆಟ್ಟಲ್ಲೇ ಒಂದು ಮಸಾಜು ಸೇರಿದೆ. ಭುಜ ನೋವು ಅಂತೀರಲ್ಲ, ಮಾಡಿಸ್ಕೊಳಿ. ಆದ್ರೆ ಹುಷಾರು. ಉಜ್ತಾ ಉಜ್ತಾನೇ ಕ್ರೀಮು, ಎಣ್ಣೆ, ಪಾಚಿ ಅಂತ ಏನೇನೋ ತಲೆಗೆ ಕಟ್ತಾರಂತೆ. ಮೊದ್ಲೇ ಏನೂ ಬೇಡ ಅಂದ್ಬುಡಿ."

ನಾನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನಕ್ಕೆ. "ಯಾರಿಗಮ್ಮ ಹೇಳ್ತಿದ್ದೀಯ? ಮೀನಿನ ಮರಿಗೆ ಈಜು ಹೇಳ್ಕೊಡ್ತೀಯಾ? ನಂಗೆ ಒಂದು ವಸ್ತು ಮಾರೋನು ಇನ್ನೂ ಹುಟ್ಬೇಕು ಕಣಮ್ಮ."

ಸಾರು ಬಡಿಸುತ್ತಿದ್ದ ಭಾಗ್ಯ ಸೌಟನ್ನು ಪಾತ್ರೆಯಲ್ಲಿಟ್ಟಳು. "ಹಂಗಾದ್ರೆ ಒಂದು ಪಂದ್ಯ ಕಟ್ಟಣ್ವಾ?"

"ಏನು ಪಂದ್ಯ?"

"ಹಡಗು ಹತ್ತಿ ಇಳಿಯೋದ್ರೊಳಗೆ ನೀವು ಒಂದೇ ಒಂದು ಸಾಮಾನು ಕೊಂಡ್ರೂ, ಇನ್ಮೇಲೆ ಭಾನುವಾರ ಅಂಗ್ಡಿ ಬಾಗ್ಲು ಮುಚ್ಬೇಕು."

"ಕೊಳ್ದೇ ಬಂದ್ರೆ?"

"ನಾನು ಸಾಯೋ ತನಕ ಭಾನುವಾರದ ಸುದ್ದಿ ಎತ್ತಲ್ಲ. ಚಾಮುಂಡಿ ತಾಯಾಣೆ."

ಇದು ಸಣ್ಣ ಮಾತಲ್ಲ. ಮದುವೆ ಸಾಮಾನಿಗೆ ಜನ ಬರುವುದೇ ಭಾನುವಾರ. ಬೀಗರು, ನೆಂಟರು, ಮದುವೆ ಹುಡುಗಿ, ಅವಳ ಚಿಕ್ಕಮ್ಮಂದಿರು, ಎಲ್ಲ ಆಟೋಗಳಲ್ಲಿ ಬಂದು ಇಳಿಯುತ್ತಾರೆ. ಮದುವೆಯಾದ ವರ್ಷವೇ ಸಾಹುಕಾರರನ್ನು ಬಿಟ್ಟು ಸ್ವಂತ ಅಂಗಡಿ ತೆರೆದವನು, ಈ ಮೂವತ್ತು ವರ್ಷದಲ್ಲಿ ನಾನು ಒಂದು ಭಾನುವಾರವೂ ಬಾಗಿಲು ಮುಚ್ಚಿದವನಲ್ಲ. ದಸರಾ ಮೆರವಣಿಗೆಯ ದಿನವೂ ಅರ್ಧ ಬಾಗಿಲು ತೆರೆದಿರುತ್ತಿತ್ತು. ಭಾಗ್ಯ ಮಾತ್ರ ಪ್ರತಿ ಶನಿವಾರ ರಾತ್ರಿ ಅದನ್ನೇ ಕೇಳುವಳು. ಮೊದಮೊದಲು ಕೋಪದಿಂದ, ಆಮೇಲೆ ಅಳುತ್ತ, ಈಚೆಗೆ ಸುಮ್ಮನೆ ಅಭ್ಯಾಸಕ್ಕೆ, 'ನಾಳೆ ಎಲ್ಲಾದ್ರೂ ಹೋಗಣ್ವಾ' ಎಂದು. ಅಭ್ಯಾಸಕ್ಕೆ ಕೇಳುವುದು ಅಳುವುದಕ್ಕಿಂತ ಕಷ್ಟ. ಉತ್ತರ ಹೇಳಿ ಹೇಳಿ ಸಾಕಾಗಿದ್ದ ನನಗೆ ಈ ಪಂದ್ಯ ದೇವರೇ ಕೊಟ್ಟ ದಾರಿ ಎನ್ನಿಸಿತು. ಒಪ್ಪಿದೆ. ಮಗಳನ್ನು ಸಾಕ್ಷಿಗೆ ಇಟ್ಟುಕೊಂಡೆ.

ಅಂಗಡಿಯ ಬೀಗದ ಕೈಯನ್ನು ಭಾಗ್ಯಳ ತಮ್ಮನಿಗೆ ಕೊಟ್ಟು ಹಡಗು ಹತ್ತಿದೆವು.

ಹತ್ತುವಾಗಲೇ ಶುರುವಾಯಿತು. ಒಬ್ಬ ಏಣಿಯ ಪಕ್ಕದಲ್ಲಿ ನಿಂತು ನಮ್ಮ ಫೋಟೋ ಹೊಡೆದ. ಸಂಜೆ ನೋಡಿದರೆ ಅದನ್ನು ದೊಡ್ಡದು ಮಾಡಿ ಗೋಡೆಗೆ ಅಂಟಿಸಿದ್ದಾರೆ. ಚಿತ್ರದಲ್ಲಿ ಭಾಗ್ಯ ನಗುತ್ತಿದ್ದಳು. ನಾನು ಸೀನುವ ಮೊದಲಿನ ಸ್ಥಿತಿಯಲ್ಲಿದ್ದೆ. ಕೊಳ್ಳಿ ಸರ್, ನೆನಪಿಗೆ ಎಂದ. "ಈ ಮುಖ ಮನೇಲಿ ಪುಕ್ಕಟೆ ಸಿಗುತ್ತಪ್ಪ" ಎಂದು ಮುಂದೆ ಹೋದೆ. ಗಡಿಯಾರದವನು ಬಂದ. ಅವನ ಗಡಿಯಾರವನ್ನು ಕಿವಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಅವನಿಗೇ ಕಟ್ಟಿ, "ನಿಮ್ಮ ಕೈಗೇ ಚೆನ್ನಾಗಿ ಕಾಣುತ್ತೆ" ಎಂದೆ. ಅವನು ಒಂದು ಗಳಿಗೆ ತನ್ನ ಕೈಯನ್ನೇ ನೋಡಿಕೊಂಡು ನಿಂತುಬಿಟ್ಟ. ಮುತ್ತಿನ ಸರದವಳು ಭಾಗ್ಯಳ ಕೊರಳಿಗೆ ಸರ ಹಿಡಿದಾಗ ಮಾತ್ರ ನನ್ನ ಕೈ ತಾನಾಗಿ ಜೇಬಿನ ಕಡೆ ಹೋಯಿತು. ಭಾಗ್ಯಳೇ ಅದನ್ನು ತೆಗೆದುಕೊಟ್ಟು, "ಬೇಡ ಬುಡಿ, ಗೆದ್ದರೆ ನ್ಯಾಯವಾಗಿ ಗೆಲ್ತೀನಿ" ಎಂದಳು. ನನಗೆ ಅವಳ ಮೇಲೆ ಗೌರವ ಬಂತು. ಆ ಗೌರವ ಅವಸರದ್ದು ಎಂದು ಈಗ ಅನ್ನಿಸುತ್ತದೆ.

ಸ್ಪಾಕ್ಕೆ ಹೊತ್ತು ಗೊತ್ತು ಮಾಡಿಕೊಂಡು ಬಂದವಳೂ ಅವಳೇ. ಮೊದಲ ದಿನ ಮಧ್ಯಾಹ್ನ ನಾನು ಡೆಕ್ಕಿನ ಮೇಲೆ ಕೂತು ಸಮುದ್ರ ನೋಡುತ್ತಿದ್ದೆ. ಅಷ್ಟೊಂದು ನೀರನ್ನು ಒಟ್ಟಿಗೆ ನೋಡಿದರೆ ಪಾತ್ರೆಯವನಿಗೆ ಹಂಡೆ ಎಷ್ಟು ದೊಡ್ಡದು ಬೇಕಾದೀತು ಎಂಬ ಯೋಚನೆ ತಾನಾಗಿ ಬರುತ್ತದೆ. ಭಾಗ್ಯ ಬಹಳ ಹೊತ್ತಾದ ಮೇಲೆ ಬಂದು, "ನಾಳೆ ಬೆಳಗ್ಗೆ ಎಂಟು ಗಂಟೆಗೆ ನಿಮ್ಮದು. ಬೇರೆ ಟೈಮು ಖಾಲಿ ಇಲ್ಲ" ಎಂದಳು.

"ಎಂಟಕ್ಕಾ? ಹನ್ನೊಂದರ ಮೇಲೆ ನೋಡು ಅಂದಿದ್ನಲ್ಲ."

"ಅದೇನು ಅಂಗ್ಡಿನಾ? ಮೈ ಉಜ್ಜೋ ಜಾಗ ಕಣ್ರೀ. ಆಸ್ಪತ್ರೆಗೆ ಹೋಗೋವಾಗ ಹನ್ನೊಂದು ನೋಡ್ತೀರಾ?"

ಅದೂ ನಿಜವೇ ಎನ್ನಿಸಿತು.

ರಾತ್ರಿ ಮಲಗಿಕೊಂಡು ಯುದ್ಧದ ಯೋಜನೆ ಹಾಕಿದೆ. ಬೇಡ ಎಂದರೆ ಯಾಕೆ ಬೇಡ ಎಂದು ಕೇಳುತ್ತಾರೆ, ಕೇಳಿದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ವ್ಯಾಪಾರ ಆಗುತ್ತದೆ. ಇದು ನಮ್ಮ ಕಸುಬಿನ ಮೂಲ. ಆದ್ದರಿಂದ ಮಾತೇ ಹುಟ್ಟಬಾರದು. ನನಗೆ ಕನ್ನಡ ಬಿಟ್ಟು ಇನ್ನೇನೂ ಬರುವುದಿಲ್ಲ ಎಂದು ಹೇಳಿಬಿಡುವುದು. ಅರಬ್ಬಿ ಸಮುದ್ರದ ನಡುವೆ ಕನ್ನಡದಲ್ಲಿ ಕ್ರೀಮು ಮಾರುವವರು ಯಾರಿದ್ದಾರೆ? ಜೊತೆಗೆ, ಕಣ್ಣು ಮುಚ್ಚಿ ಗೊರಕೆ ಹೊಡೆಯುವುದು. ಕೋಟೆಗೆ ಎರಡು ಸುತ್ತು ಗೋಡೆ.

ಬೆಳಗ್ಗೆ ಸ್ಪಾದ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ನಮ್ಮ ದೇಶದ ಈಶಾನ್ಯ ಮೂಲೆಯ ಮುಖ. ಎದೆಯ ಮೇಲಿನ ಚೀಟಿಯಲ್ಲಿ ಲಾಲಿ ಎಂದಿತ್ತು. "ಗುಡ್ ಮಾರ್ನಿಂಗ್ ಸರ್" ಎಂದಳು.

"ನೋ ಇಂಗ್ಲಿಷ್. ನೋ ಹಿಂದಿ. ಓನ್ಲಿ ಕನ್ನಡ" ಎಂದೆ. ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು, ಏನು ಮಾಡುವುದು.

ಅವಳು ನಕ್ಕು, ತಲೆಯಾಡಿಸಿ, ಒಂದು ಪುಟ್ಟ ಬಟ್ಟಲಲ್ಲಿ ಬಿಸಿಬಿಸಿ ಏನನ್ನೋ ತಂದುಕೊಟ್ಟಳು. ಶುಂಠಿ, ನಿಂಬೆಹುಲ್ಲು, ಜೇನುತುಪ್ಪ. ಕುಡಿದು ಮುಗಿಸಿದ ಮೇಲೆ ಬುದ್ಧಿ ಬಂತು: ಇದು ಮಜ್ಜಿಗೆ. ನಮ್ಮ ಸಾಹುಕಾರರ ಮಜ್ಜಿಗೆಯೇ ವೇಷ ಹಾಕಿಕೊಂಡು ಹಡಗು ಹತ್ತಿದೆ. ಭಲೇ ಹುಡುಗಿ ಎಂದುಕೊಂಡೆ. ಒಳ್ಳೆಯ ಪೈಲ್ವಾನನಿಗೆ ಎದುರಾಳಿಯ ಪಟ್ಟು ಕಂಡರೂ ಸಂತೋಷವೇ.

ಒಳಗೆ ಬಟ್ಟೆ ಬದಲಾಯಿಸಲು ಹೇಳಿ ಒಂದು ಪೊಟ್ಟಣ ಕೊಟ್ಟರು. ಬಿಚ್ಚಿದರೆ ಒಂದು ಚಡ್ಡಿ. ಕಾಗದದ್ದು. ಸುಳ್ಳಲ್ಲ, ನಮ್ಮ ಅಂಗಡಿಯಲ್ಲಿ ಲೋಟ ಸುತ್ತಿಕೊಡುವ ಕಾಗದ ಇದಕ್ಕಿಂತ ದಪ್ಪಗಿರುತ್ತದೆ. ಕೂತರೆ ಹರಿಯುತ್ತದೆ, ನಿಂತರೆ ಸದ್ದು ಮಾಡುತ್ತದೆ. ಮೇಲೊಂದು ಟವೆಲ್ಲು ಹೊದೆಸಿದರೆನ್ನಿ, ಮರ್ಯಾದೆಗೇನೂ ಕುಂದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅನುಭವಸ್ಥನ ಮಾತು ಕೇಳಿ. ಚೌಕಾಸಿಗೆ ಇರುವುದು ಒಂದೇ ಆಯುಧ, ಎದ್ದು ಹೋಗುವುದು. ರೇಟು ಜಾಸ್ತಿಯಾಯಿತು ಎಂದು ಗಿರಾಕಿ ಮೆಟ್ಟಿಲು ಇಳಿಯುತ್ತಾನೆ, ಬನ್ನಿ ಬನ್ನಿ ಎಂದು ನಾವು ಕೂಗುತ್ತೇವೆ. ಕಾಗದದ ಚಡ್ಡಿಯಲ್ಲಿರುವವನು ಎದ್ದು ಎಲ್ಲಿಗೆ ಹೋಗುತ್ತಾನೆ? ಹೋದರೂ ಎದುರಿಗೆ ಸಮುದ್ರ. ಈ ಸ್ಪಾ ಕಂಡುಹಿಡಿದವನು ವ್ಯಾಪಾರದಲ್ಲಿ ನಮ್ಮ ಸಾಹುಕಾರರಿಗೂ ಗುರು.

ಲಾಲಿ ಭುಜ ಹಿಡಿದಳು. ಮೂವತ್ತು ನಲವತ್ತು ವರ್ಷ ಹಂಡೆ, ಕೊಳಗ ಎತ್ತಿ ಗಂಟು ಕಟ್ಟಿದ್ದ ಭುಜ ಬೆಣ್ಣೆಯ ಹಾಗೆ ಸಡಿಲವಾಯಿತು. ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಮೈ ಮರೆಯದೆ, ಯೋಜನೆಯ ಪ್ರಕಾರ ಗೊರಕೆ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ನನ್ನ ಅಂಗೈಯಲ್ಲಿ ತಣ್ಣಗೆ ಏನೋ ಬಂದು ಕೂತಿತು. ಒಂದು ಗಾಜಿನ ಡಬ್ಬಿ. ಸಾಮಾನನ್ನು ಗಿರಾಕಿಯ ಕೈಗೆ ಕೊಟ್ಟುಬಿಡುವುದು. ಕಣ್ಣು ಮುಚ್ಚಿಕೊಂಡೇ ಮನಸ್ಸಿನಲ್ಲಿ ಅವಳಿಗೆ ಶಹಬ್ಬಾಸ್ ಹೇಳಿದೆ.

"ಸೀ ವೀಡ್ ಕ್ರೀಮ್ ಸರ್. ಫಾರ್ ಫೇಸ್, ಆರ್ ಫಾರ್ ಬಾಡಿ?"

ಪಾಚಿ ಕ್ರೀಮು, ಮುಖಕ್ಕಾ, ಮೈಗಾ. ಅದೇ ನಮ್ಮ ದೊಡ್ಡದಾ, ಚಿಕ್ಕದಾ. ನಾನು ಗೊರಕೆಯನ್ನು ಸ್ವಲ್ಪ ಜೋರು ಮಾಡಿ, ನಡುವೆ ನಿದ್ದೆಗಣ್ಣಿನವನ ಹಾಗೆ "ಕನ್ನಡ, ಕನ್ನಡ" ಎಂದೆ.

ಆಮೇಲೆ ಕಿವಿಯ ಹತ್ತಿರವೇ, ಸ್ಪಷ್ಟವಾಗಿ, "ಆಯ್ತು ಸರ್, ಕನ್ನಡದಲ್ಲೇ ಮಾತಾಡಣ. ಮೈಸೂರಲ್ಲಿ ಏನು ಬಿಸಿನೆಸ್ಸು ನಿಮ್ದು?" ಎಂದು ಕೇಳಿಸಿತು.

ನನ್ನ ಗೊರಕೆ ಅರ್ಧದಲ್ಲಿ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

"ಏನಮ್ಮ, ನಿಂಗೆ ಕನ್ನಡ ಎಂಗೆ ಬಂತು?"

"ನಮ್ಮೂರು ಮಿಜೋರಾಂ ಸರ್. ಮೈಸೂರು ಗೋಕುಲಂನಲ್ಲಿ ನಾಕು ವರ್ಷ ಇದ್ದೆ. ಫಾರಿನ್ನೋರು ಯೋಗ ಕಲಿಯಕ್ಕೆ ಬರ್ತಾರಲ್ಲ, ಕಾಲು ತಲೆ ಮೇಲೆ ಹಾಕ್ಕೊಂಡು ಸೊಂಟ ಹಿಡಿಸ್ಕೊಳೋರು. ಬಿಡ್ಸೋದು ನಮ್ ಕೆಲಸ. ಮನೆ ಓನರ್ ಆಂಟಿ ಕನ್ನಡ ಬಿಟ್ಟು ಏನೂ ಮಾತಾಡ್ತಿರ್ಲಿಲ್ಲ. ಬಾಡಿಗೆ ಲೇಟಾದ್ರೆ ಬೈಯೋದೂ ಕನ್ನಡದಲ್ಲೇ. ಹಂಗೇ ಕಲ್ತ್ಕೊಂಬುಟ್ಟೆ."

ಮಿಜೋರಾಂನ ಹುಡುಗಿಯ ಬಾಯಲ್ಲಿ 'ಕಲ್ತ್ಕೊಂಬುಟ್ಟೆ' ಕೇಳಿ ನನಗೆ ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಟೆಯ ಎರಡು ಗೋಡೆಯೂ ಒಟ್ಟಿಗೆ ಬಿದ್ದಿದ್ದವು. ಆದರೂ ಧೈರ್ಯ ಬಿಡಲಿಲ್ಲ. ಎದ್ದು ಕೂತು, ಟವೆಲ್ಲನ್ನು ಶಲ್ಯದ ಹಾಗೆ ಹೊದ್ದು, ನೇರವಾಗಿ ಹೇಳಿದೆ. "ನೋಡಮ್ಮ, ನಾನೂ ವ್ಯಾಪಾರಗಾರನೇ. ನಿನ್ನ ಕೈಗುಣ ಚೆನ್ನಾಗಿದೆ, ನಿನ್ನ ವ್ಯಾಪಾರಾನೂ ಚೆನ್ನಾಗಿದೆ. ಆದ್ರೆ ನಾನು ಏನೂ ಕೊಳ್ಳಲ್ಲ. ಮನೇಲಿ ಮಾತು ಕೊಟ್ಟಿದ್ದೀನಿ."

"ಬೇಡ ಬುಡಿ ಸರ್, ಬಲವಂತ ಇಲ್ಲ" ಎಂದು ಅವಳು ಡಬ್ಬಿಯನ್ನು ವಾಪಸು ತೆಗೆದುಕೊಂಡಳು. ಇಷ್ಟು ಸುಲಭವಾ ಎಂದು ನಾನು ಉಸಿರು ಬಿಟ್ಟೆ. ಅವಳು ಡಬ್ಬಿಯನ್ನು ಕಪಾಟಿನಲ್ಲಿಡುತ್ತ, ನನ್ನ ಕಡೆ ನೋಡದೆ, ತನ್ನಷ್ಟಕ್ಕೆ ಹೇಳಿಕೊಳ್ಳುವವಳ ಹಾಗೆ, "ಬೋಣಿ ಟೈಮು, ಅದಕ್ಕೇ ಕೇಳ್ದೆ" ಎಂದಳು.

ಬೆನ್ನಿನ ಮೇಲೆ ಹಚ್ಚಿದ್ದ ಎಣ್ಣೆಯೆಲ್ಲ ತಣ್ಣಗಾಯಿತು.

"ಏನಂದೆ?"

"ಬೋಣಿ ಸರ್. ಇವತ್ತು ಫಸ್ಟು ನೀವೇ. ಪರ್ವಾಗಿಲ್ಲ ಬುಡಿ."

ಪರವಾಗಿಲ್ಲ ಎಂದರೆ ಹೇಗೆ? ಅದಕ್ಕಿಂತ ಬೈದಿದ್ದರೆ ವಾಸಿಯಾಗಿತ್ತು. ನಾನು ವಾದಕ್ಕೆ ಇಳಿದೆ. "ಮಸಾಜು ಮಾಡ್ದೆಯಲ್ಲ ತಾಯಿ, ಅದೇ ಬೋಣಿಯಾಯ್ತಲ್ಲ."

"ಅದು ಟಿಕೆಟ್ಟಲ್ಲೇ ಬಂದಿರೋದು ಸರ್. ಕಾಸು ಆಗ್ಲೇ ಆಫೀಸಿಗೆ ಹೋಗಿದೆ. ಹಳೇ ಕಾಸು ಎಂಗೆ ಬೋಣಿಯಾಗುತ್ತೆ? ಇವತ್ತಿನ ಕಾಸು ಇವತ್ತು ಕೈಗೆ ಬಿದ್ರೆ ತಾನೆ?"

ಶಾಸ್ತ್ರ ಪ್ರಕಾರ ಅವಳು ಹೇಳಿದ್ದು ಸರಿ. ಅಡ್ವಾನ್ಸು ಬೋಣಿಯಲ್ಲ, ಬಾಕಿ ವಸೂಲೂ ಬೋಣಿಯಲ್ಲ. ನಾನೇ ನಮ್ಮ ಅಂಗಡಿಯಲ್ಲಿ ನೂರು ಸಲ ಈ ತೀರ್ಪು ಕೊಟ್ಟಿದ್ದೇನೆ. ಒಂದು ಕಡೆ ಮೂವತ್ತು ವರ್ಷದ ಭಾನುವಾರಗಳು. ಇನ್ನೊಂದು ಕಡೆ, ಊರು ಬಿಟ್ಟು ಬಂದು ಬೆಳಗ್ಗೆ ಎದ್ದು ಮೊದಲ ಗಿರಾಕಿಗಾಗಿ ಬಾಗಿಲಲ್ಲಿ ನಿಂತಿದ್ದ ಹುಡುಗಿ. ನಾನು ಬರಿಗೈಯಲ್ಲಿ ಎದ್ದು ಹೋದರೆ ಈ ದಿನವೆಲ್ಲ ಅವಳ ಕಪಾಟಿನ ಮುಂದೆ ಯಾರೂ ನಿಲ್ಲುವುದಿಲ್ಲ. ಅದು ಸುಳ್ಳು, ಮೂಢನಂಬಿಕೆ ಎಂದು ನೀವು ಹೇಳಬಹುದು. ಹೇಳಿ. ನಾನು ಕಾಗದದ ಚಡ್ಡಿಯಲ್ಲಿ ಕೂತಿದ್ದೆ, ನೀವು ಕೂತಿರಲಿಲ್ಲ.

"ಎಲ್ಲಕ್ಕಿಂತ ಚಿಕ್ಕದು ಯಾವ್ದಿದೆ, ಅದು ಕೊಡು" ಎಂದೆ. ಚಿಕ್ಕದಾ ದೊಡ್ಡದಾ ಎಂಬ ಪ್ರಶ್ನೆಗೆ ಕೊನೆಗೂ ಉತ್ತರ ಕೊಟ್ಟ ಹಾಗಾಯಿತು.

ಅವಳು ಕಪಾಟಿನ ಕೆಳಗಿನಿಂದ ಆ ಕಲ್ಲು ತೆಗೆದಳು. ನನ್ನ ಹಿಮ್ಮಡಿಯನ್ನು ಒಮ್ಮೆ ನೋಡಿ, "ಇದು ನಿಮಗೆ ಬೇಕಾಗುತ್ತೆ ಸರ್" ಎಂದಳು. ಬಟ್ಟೆ ಹಾಕಿಕೊಂಡು ಬಂದು ದುಡ್ಡು ಕೊಟ್ಟೆ, ಅವಳು ಕಣ್ಣಿಗೊತ್ತಿಕೊಂಡಳು. ಅದನ್ನು ನೋಡಿ ನನ್ನ ಕಣ್ಣೂ ಸ್ವಲ್ಪ ತೇವವಾಯಿತು. ಎಣ್ಣೆ ಇರಬೇಕು.

ಭಾಗ್ಯ ಡೆಕ್ಕಿನ ಮೇಲೆ ಕಾಫಿ ಕುಡಿಯುತ್ತ ಕೂತಿದ್ದಳು. ಕಲ್ಲನ್ನು ಬಚ್ಚಿಡಬಹುದಿತ್ತು, ಜೇಬಿನಲ್ಲಿ ಇದ್ದದ್ದೂ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ಸೋತರೂ ಮರ್ಯಾದೆಯಿಂದ ಸೋಲುವವನು. ಮೇಜಿನ ಮೇಲಿಟ್ಟೆ. "ಒಂದು ಕಲ್ಲು ಕೊಂಡೆ" ಎಂದೆ.

ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು, ಇನ್ನೊಂದು ಗುಟುಕು ಕಾಫಿ ಕುಡಿದಳು. "ಭುಜ ಎಂಗಿದೆ ಈಗ?" ಎಂದಳು. ಅಷ್ಟೇ. ಕುಣಿಯಲಿಲ್ಲ, ಅಣಕಿಸಲಿಲ್ಲ, ಮಗಳಿಗೆ ಫೋನು ಮಾಡಲಿಲ್ಲ. ಒಳ್ಳೆಯ ಹೆಂಗಸು, ಸೋತವನನ್ನು ಚುಚ್ಚುವುದಿಲ್ಲ ಎಂದುಕೊಂಡೆ. ನಲವತ್ತು ವರ್ಷ ಗಿರಾಕಿಯ ಮುಖ ಓದಿ ಬದುಕಿದವನು ನಾನು, ಎದುರಿಗಿದ್ದ ಮುಖ ಓದಲಿಲ್ಲ.

ಮುಂಬೈಯಲ್ಲಿ ಇಳಿಯುವ ದಿನ ಲಾಲಿ ಬಾಗಿಲ ತನಕ ಬಂದಳು. ಭಾಗ್ಯಳ ಕೈ ಹಿಡಿದುಕೊಂಡು, "ರಜದಲ್ಲಿ ಮೈಸೂರಿಗೆ ಬರ್ತೀನಿ ಅಕ್ಕ. ಭಾನುವಾರವೇ ಬರ್ತೀನಿ. ಇನ್ಮೇಲೆ ಅಂಗ್ಡಿ ಮುಚ್ಚಿರುತ್ತಲ್ಲ" ಎಂದಳು.

ನಾನು ಎರಡು ಹೆಜ್ಜೆ ಮುಂದೆ ಹೋಗಿ ನಿಂತೆ. ಭಾನುವಾರದ ಮಾತನ್ನು ನಾನು ಆ ಹುಡುಗಿಯ ಹತ್ತಿರ ಎತ್ತಿಯೇ ಇರಲಿಲ್ಲ. ಕನ್ನಡ ಎಂದಿದ್ದೆ, ಮೈಸೂರು ಎಂದೂ ಹೇಳಿರಲಿಲ್ಲ.

ರೈಲು ಹತ್ತಿ ಕೂತ ಮೇಲೆ ಕೇಳಿದೆ. "ಏನೇ ಇದು?"

ಭಾಗ್ಯ ಕಡಲೆಕಾಯಿ ಬಿಡಿಸುತ್ತಿದ್ದಳು. "ಏನಿಲ್ಲ. ಮೊದಲ್ನೇ ದಿನ ಟೈಮು ಕೇಳಕ್ಕೆ ಹೋಗಿದ್ನಲ್ಲ, ರಶ್ಮಿ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಆ ಹುಡ್ಗಿ ಓಡ್ಬಂದು ನೀವು ಮೈಸೂರಾ ಅಕ್ಕಾ ಅಂತ ಕೈ ಹಿಡ್ಕಂಡ್ಳು. ಕೂತ್ಕಂಡು ಮಾತಾಡ್ದೊ."

"ಏನು ಮಾತಾಡಿದ್ರಿ?"

"ನಮ್ಮೆಜಮಾನ್ರನ್ನ ಬೆಳಗ್ಗೆ ಫಸ್ಟು ಹಾಕ್ಕೊ ಅಂದೆ. ಅವರೇನಂದ್ರೂ ಬಲವಂತ ಮಾಡ್ಬೇಡ, ಬೋಣಿ ಅಂತ ಒಂದೇ ಒಂದು ಮಾತು ಅಂದು ಸುಮ್ಗಿರು ಅಂದೆ. ಟಿಕೆಟ್ಟಿನ ಕಾಸು ಬೋಣಿ ಅಲ್ವಾ ಅಂತ ವಾದ ಮಾಡ್ತಾರೆ, ಅದಕ್ಕೆ ಇಂಗೆ ಹೇಳು ಅಂತಾನೂ ಹೇಳ್ಕೊಟ್ಟೆ."

"ನ್ಯಾಯವಾಗಿ ಗೆಲ್ತೀನಿ ಅಂದಿದ್ದೆ?"

"ನ್ಯಾಯ ತಾನೆ? ಕೊಂಡಿದ್ದು ನೀವೇ, ನಿಮ್ಮ ಕೈಯಾರೆ. ಮೂವತ್ತು ವರ್ಷ ನಿಮ್ಮನ್ನ ಕೇಳಿದ್ದಾಯ್ತು. ಕೇಳಿದ್ದೇ ತಪ್ಪು. ಬೇಕಾ ಅಂತ ಕೇಳ್ಬಾರ್ದು ಅಂತ ನೀವೇ ಅಂಗ್ಡಿ ಹುಡುಗ್ರಿಗೆ ಹೇಳ್ತಿರ್ತೀರ. ನಾನು ಗಲ್ಲಾಪೆಟ್ಟಿಗೆ ಪಕ್ಕ ಕೂತು ಲೆಕ್ಕ ಬರೀತಾ ಕೇಳಿಸ್ಕಂತಿರ್ಲಿಲ್ವಾ?" ಎಂದು ನನ್ನ ಅಂಗೈಗೆ ಒಂದು ಹಿಡಿ ಕಡಲೆಕಾಯಿ ಹಾಕಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಮೆಲ್ಲಗೆ, "ನಂಗೆ ಹಡಗು ಬೇಕಿರ್ಲಿಲ್ಲ ಕಣ್ರೀ. ಮಧ್ಯಾಹ್ನದ ಬಿಸಿ ಊಟ ಇಬ್ರೂ ಒಟ್ಟಿಗೆ ಮನೇಲಿ ಒಂದಿನ ಮಾಡಣ ಅಂತಿತ್ತು" ಎಂದಳು.

ಕೋಪ ಮಾಡಿಕೊಳ್ಳಲು ಪ್ರಯತ್ನಿಸಿದೆ. ಅರಸೀಕೆರೆ ದಾಟುವ ತನಕ ಪ್ರಯತ್ನಿಸಿದೆ. ಬರಲಿಲ್ಲ. ಇಂಥ ವ್ಯಾಪಾರ ಬಲ್ಲವಳನ್ನು ಇಷ್ಟು ವರ್ಷ ಬರೀ ಲೆಕ್ಕ ನೋಡಿಕೊಳ್ಳಲು ಕೂರಿಸಿದ್ದೆನಲ್ಲ ಎಂಬುದೇ ಸಂಕಟ.

ಮೊದಲ ಭಾನುವಾರ ನಾನು ಹಾಲು ತರುವ ನೆಪದಲ್ಲಿ ಸ್ಕೂಟರು ತೆಗೆದು ಶಿವರಾಂಪೇಟೆಗೆ ಹೋದೆ. ಎದುರಿನ ಟೀ ಅಂಗಡಿಯ ಮರೆಯಲ್ಲಿ ನಿಂತು ನನ್ನ ಮುಚ್ಚಿದ ಅಂಗಡಿಯನ್ನು ನೋಡಿದೆ. ಮದುವೆಯ ಜನ ಬಂದು, ಬಾಗಿಲು ನೋಡಿ, ಅಯ್ಯೋ ಎಂದು ಎದೆ ಹಿಡಿದುಕೊಳ್ಳುತ್ತಾರೆ ಎಂದು ಕಾದೆ. ಒಂದು ಆಟೋ ಬಂತು. ನಾಲ್ಕು ಹೆಂಗಸರು ಇಳಿದರು. ನನ್ನ ಬಾಗಿಲನ್ನು ನೋಡಿದರು. ಏನೂ ಹೇಳದೆ ಪಕ್ಕದ ಅಂಗಡಿಗೆ ಹೋದರು. ಸೋತದ್ದಕ್ಕಿಂತ ಅದು ಹೆಚ್ಚು ನೋವಾಯಿತು.

"ಯಾಕಣ್ಣ, ನಿನ್ನಂಗ್ಡಿಗೆ ನೀನೇ ಕನ್ನ ಹಾಕಕ್ಕೆ ಬಂದಂಗಿದೆ?" ಎಂದ ಟೀ ಅಂಗಡಿಯವನು. ಹಾಲು ತೆಗೆದುಕೊಂಡು ಮನೆಗೆ ಹೋದೆ. ಬಾಳೆಲೆ ಹಾಕಿ ಭಾಗ್ಯ ಕಾಯುತ್ತಿದ್ದಳು. ಅವರೆಕಾಳು ಸಾರು, ಮುದ್ದೆ. ಹಬೆಯಾಡುತ್ತಿತ್ತು. ಬಾಯಿ ಸುಟ್ಟುಕೊಂಡೆ. ಅಂಗಡಿಯಲ್ಲಿ ಡಬ್ಬಿಯ ಆರಿದ ಊಟ ತಿಂದು ತಿಂದು, ಮಧ್ಯಾಹ್ನದ ಬಿಸಿ ಊಟದ ಅಭ್ಯಾಸ ತಪ್ಪಿಹೋಗಿತ್ತು.

ಈಗ ನನ್ನ ಬಳಿ ಇರುವುದು ಇಷ್ಟು. ಶಿವರಾಂಪೇಟೆಯಲ್ಲಿ ಒಂದು ಅಂಗಡಿ. ದಟ್ಟಗಳ್ಳಿಯಲ್ಲಿ ಒಂದು ಮನೆ. ಒಂದು ಸ್ಕೂಟರು. ಒಬ್ಬಳು ಮಗಳು, ಒಬ್ಬಳು ಹೆಂಡತಿ. ಎರಡು ಭುಜ, ಅದರಲ್ಲಿ ಒಂದು ವಾಸಿ. ವಾರಕ್ಕೆ ಆರು ದಿನ.